ಇಂದಿನ ಧಮ್ಮ ಚಿಂತನೆ: ಮನೆತನದ ಚರಿತ್ರೆ



ಬೀದರ್ ವಾಯುನೆಲೆಯ ತರಬೇತಿ ವಿಮಾನ ಗುಡುಗಿದರೆ ನನ್ನ ತರಗತಿಯೇ ಕಿಟಕಿಗೆ ಓಡುತ್ತದೆ. ಮೊನ್ನೆ ಹಾಗೆ ಓಡಿದವರಿಗೆ ಯೂಜೀನ್ ಬುಲ್ಲಾರ್ಡ್ ಕಥೆ ಹೇಳಿದೆ. ಅಮೆರಿಕದ ಜಾರ್ಜಿಯಾದಲ್ಲಿ 1895ರಲ್ಲಿ ಹುಟ್ಟಿದ ಕಪ್ಪು ಹುಡುಗ, ಗುಲಾಮರ ಮನೆತನ. ಫ್ರಾನ್ಸಿನಲ್ಲಿ ಬಣ್ಣ ಕೇಳುವುದಿಲ್ಲವೆಂಬ ಅಪ್ಪನ ಮಾತು ನಂಬಿ ಸಮುದ್ರ ದಾಟಿದ; 1917ರಲ್ಲಿ ಆ ದೇಶದ ಯುದ್ಧವಿಮಾನ ಹಾರಿಸಿದ. ಸ್ವಂತ ದೇಶದ ವಾಯುಪಡೆ ಅವನನ್ನು ಅಧಿಕಾರಿ ಎಂದದ್ದು 1994ರಲ್ಲಿ. ಅವನು 1961ರಲ್ಲೇ ತೀರಿಕೊಂಡಿದ್ದ.

ಔರಾದ ಕಡೆಯ ಹುಡುಗಿಯೊಬ್ಬಳು, "ನಮ್ಮ ಮನಿತನಕ್ಕ ಚರಿತ್ರೆನೇ ಇಲ್ರಿ ಸರ್" ಅಂದಳು.

ಬಾಬಾಸಾಹೇಬರ ಮನೆತನದ್ದು ಹೇಳಿದೆ. ಅಜ್ಜ ಮಾಲೋಜಿ, ತಂದೆ ರಾಮಜಿ ಇಬ್ಬರೂ ಸೈನಿಕರು. ಸುಬೇದಾರ್ ರಾಮಜಿ ಸೈನ್ಯದ ಶಾಲೆಯಲ್ಲಿ ಮಾಸ್ತರರೂ ಹೌದು (ನಮ್ಮಂಥವರಿಗೆ ಕೊಂಚ ಹೆಮ್ಮೆ). ಆಮೇಲೆ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು. ಮಹಾರ್ ರೆಜಿಮೆಂಟ್ ಕಟ್ಟಿದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲಿ. ನಿವೃತ್ತರಾದ ರಾಮಜಿ ಮಾತ್ರ ಮಗನ ಓದು ನಿಲ್ಲಿಸಲಿಲ್ಲ.

ಶಾಕ್ಯ ರಾಜಕುಮಾರರು ತಮ್ಮ ಕುಲದ ಸೊಕ್ಕು ಮುರಿಯಲೆಂದೇ, ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿರೆಂದು ಭಗವಾನರನ್ನು ಬೇಡಿದರು, ಅವನಿಗೇ ವಂದಿಸಿದರು.

ಭಾಲ್ಕಿಯಲ್ಲಿ ನನ್ನವ್ವ ಕೂಲಿ ದುಡ್ಡಿನಲ್ಲಿ ನನಗೆ ಪಾಟಿ ಕೊಡಿಸಿದ್ದಳು. ಮಾಸ್ತರನಾದ ಮೇಲೆ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಅಂದು ತರಗತಿಗೆ ಹೇಳಿದೆ.

ಹುಡುಗಿ ಭಾನುವಾರ ಔರಾದಕ್ಕೆ ಹೋಗಿ ಅಜ್ಜಿಯನ್ನು ಕೇಳುತ್ತಾಳಂತೆ.