ಹಿಮ ನೋಡಲು ಕಾರಣ ಬೇಕೆ?



ಇಂದಿನ ಚಿಂತನೆ ದುಡ್ಡಿನ ಬಗ್ಗೆ. ದುಡ್ಡು ಗಳಿಸುವುದನ್ನು ಕುರಿತು ಸಮ್ಯಕ್ ಆಜೀವದ ಹೆಸರಿನಲ್ಲಿ ನಾವು ಆಗಾಗ ಮಾತಾಡಿದ್ದೇವೆ. ಖರ್ಚು ಮಾಡುವ ಮಾತು, ಅದರಲ್ಲೂ ನಮ್ಮ ಸಂತೋಷಕ್ಕೆ ಖರ್ಚು ಮಾಡುವ ಮಾತು ಬಂದರೆ ಎಲ್ಲರೂ ಸ್ವಲ್ಪ ತಡವರಿಸುತ್ತೇವೆ.

ಸಂದರ್ಭ ಇದು. ಬರುವ ಬೇಸಿಗೆ ರಜೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ ಮೂವರೂ ಹನ್ನೆರಡು ದಿನ ಯೂರೋಪಿಗೆ ಹೋಗಿಬರುವ ಯೋಚನೆ ಮಾಡಿದ್ದೇವೆ. ಸುದ್ದಿ ಕೇಳಿದ ತುರುವೇಕೆರೆಯ ಅಣ್ಣನವರು, ನಮ್ಮ ಬಳಗಕ್ಕೆಲ್ಲ ಹಿರಿಯರು, ನಿವೃತ್ತ ಬಸ್ ಕಂಡಕ್ಟರು, ಹೋಗುವ ಊರುಗಳ ಪಟ್ಟಿ ಇಸಿದುಕೊಂಡು ನೋಡಿದರು. ಜರ್ಮನಿಯ ಬಾನ್ ಸರಿ ಎಂದರು. ಹಂಗೇರಿ ಬಹಳ ಸರಿ ಎಂದರು. ಸ್ವಿಟ್ಜರ್ಲೆಂಡ್ ಕಂಡಾಗ ಕನ್ನಡಕ ತೆಗೆದು, "ಇದು ಯಾತಕ್ಕೆ ಮೇಷ್ಟ್ರೇ? ಈ ದುಡ್ಡಲ್ಲಿ ನಮ್ಮ ಹುಡುಗಿ ಒಬ್ಬಳ ನರ್ಸಿಂಗ್ ಫೀಸು ಕಟ್ಟಬಹುದಲ್ಲ" ಎಂದರು.

ನ್ಯಾಯವಾದ ಪ್ರಶ್ನೆ. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ಬಾನ್‌ಗೆ, ಹಂಗೇರಿಗೆ ಕಾರಣ ಕೊಡುವುದು ಸುಲಭ. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾಸಾಹೇಬರು 1922ರಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲೂ ಹೆಸರು ನೋಂದಾಯಿಸಿದ್ದರು. ಇನ್ನು ಹಂಗೇರಿಯಲ್ಲಿ ರೋಮಾ ಜನರಿದ್ದಾರೆ. ಇವರ ಪೂರ್ವಿಕರು ಭಾರತದಿಂದ ಹೋದವರು, ಯೂರೋಪು ಶತಮಾನಗಳಿಂದ ಊರಾಚೆ ಇಟ್ಟವರು. ಡೆರ್ಡಾಕ್ ತಿಬೋರ್ ಮತ್ತು ಓರ್ಶೋಶ್ ಯಾನೋಶ್ ಎಂಬಿಬ್ಬರು ಬಾಬಾಸಾಹೇಬರನ್ನು ಓದಿ, ಮಹಾರಾಷ್ಟ್ರದ ನಮ್ಮ ಜನರನ್ನು ಕಂಡು, 2007ರಲ್ಲಿ ಶಾಯೋಕಾಜಾ ಎಂಬ ಹಳ್ಳಿಯಲ್ಲಿ ರೋಮಾ ಮಕ್ಕಳಿಗೆ ಡಾ. ಅಂಬೇಡ್ಕರ್ ಹೆಸರಿನ ಶಾಲೆ ತೆರೆದರು. ಅವರ ಸಂಘಟನೆಯ ಹೆಸರೇ ಜೈಭೀಮ್. ಆ ಶಾಲೆ ಆಮೇಲೆ ಮಿಷ್ಕೋಲ್ಟ್ಸ್ ಎಂಬ ಪಟ್ಟಣಕ್ಕೆ ಬಂತು. ಮೇಷ್ಟ್ರಾದವನಿಗೆ ಇಂಥ ಶಾಲೆ ನೋಡುವ ಆಸೆ ಇರದೆ ಇರುತ್ತದೆಯೆ? ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯನ್ನು, ಬಾಬಾಸಾಹೇಬರು 1921-22ರಲ್ಲಿ ಬಾಡಿಗೆಗಿದ್ದ ಮನೆಯನ್ನು, ಈ ಸಲ ಕೈಬಿಟ್ಟಿದ್ದೇವೆ. ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು, ಖರ್ಚೂ ಬೇರೆ.

ಸ್ವಿಟ್ಜರ್ಲೆಂಡಿಗೆ ಇಂಥ ಕಾರಣ ಯಾವುದೂ ಇಲ್ಲ. ಅದು ಅವ್ವನ ಆಸೆ. ಪಟ್ಟಿ ಓದಿ ಹೇಳಿದಾಗ ಅವ್ವ ಎಲ್ಲ ಕೇಳಿಸಿಕೊಂಡು, "ಅಲ್ಲೆಲ್ಲೂ ಬಿಳೀ ಬೆಟ್ಟ ಇಲ್ವೇನಪ್ಪ?" ಎಂದಳು. ಸಿನಿಮಾ ಹಾಡುಗಳಲ್ಲಿ ನೋಡಿದ್ದಾಳೆ. ಮುಟ್ಟಿದರೆ ಹೇಗಿರುತ್ತದೋ ನೋಡಬೇಕಂತೆ. ಅಷ್ಟೆ. ಯುಂಗ್‌ಫ್ರೌಯೋಖ್ ಎಂಬಲ್ಲಿಗೆ, 3,454 ಮೀಟರ್ ಎತ್ತರಕ್ಕೆ, 1912ರಿಂದಲೂ ರೈಲು ಹತ್ತುತ್ತದೆ. ಅಲ್ಲಿ ಮೇ ತಿಂಗಳಲ್ಲೂ ಹಿಮ ಇರುತ್ತದೆ.

ಧಮ್ಮ ಇದಕ್ಕೆ ಏನು ಹೇಳುತ್ತದೆ? ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ಅತ್ಥಿಸುಖ, ಎಂದರೆ ನ್ಯಾಯವಾಗಿ ದುಡಿದದ್ದು ಕೈಯಲ್ಲಿದೆ ಎಂಬ ಸುಖ. ಭೋಗಸುಖ, ಅದನ್ನು ಅನುಭವಿಸುವ ಸುಖ. ಅನಣಸುಖ, ಸಾಲವಿಲ್ಲದ ಸುಖ. ಅನವಜ್ಜಸುಖ, ಯಾರಿಗೂ ಕೆಡುಕು ಮಾಡಿಲ್ಲವೆಂಬ ಸುಖ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ಉಪದೇಶಗಳ ಭಾಗದಲ್ಲಿ ಇದನ್ನೇ ಸೇರಿಸಿದ್ದಾರೆ. ಸಿಗಾಲೋವಾದ ಸುತ್ತದಲ್ಲೂ ಗಳಿಕೆಯನ್ನು ನಾಲ್ಕು ಪಾಲು ಮಾಡು ಎಂದಿದೆ: ಒಂದನ್ನು ಅನುಭವಿಸು, ಎರಡನ್ನು ಕಸುಬಿಗೆ ಹಾಕು, ಒಂದನ್ನು ಕಷ್ಟಕಾಲಕ್ಕೆ ಇಡು. ಅನುಭವಿಸುವ ಪಾಲಿನಿಂದ ಜ್ಞಾನ ಬರಬೇಕು, ಸಮಾಜಕ್ಕೆ ಉಪಯೋಗವಾಗಬೇಕು ಎಂಬ ಷರತ್ತು ಅಲ್ಲಿಲ್ಲ.

ನಮಗೆ ಮಾತ್ರ ಆ ಷರತ್ತನ್ನು ಲೋಕವೂ ಹಾಕಿದೆ, ನಾವೂ ಹಾಕಿಕೊಂಡಿದ್ದೇವೆ. ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಪ್ಯಾರಿಸ್ಸಿಗೆ ಹೋಗಿಬಂದಾಗ ಎಲ್ಲರೂ ಫೋಟೋ ನೋಡಿ ಚಾಕಲೇಟು ತಿಂದೆವು. ನಾನು ಒಂದು ಸಲ ಹೋಗಬೇಕು ಎಂದಾಗ ಬಂದ ಮಾತು, "ನಿಮಗೇನು ಬಿಡಿ, ಸರ್ಕಾರದ ಸೌಲಭ್ಯ ಚೆನ್ನಾಗಿದೆ." ಇಬ್ಬರದೂ ಒಂದೇ ಸಂಬಳ, ಒಂದೇ ಸ್ಕೇಲು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಬರಹವನ್ನು ನಾವೆಲ್ಲ ಓದಿದ್ದೇವೆ. ಅದರಲ್ಲಿ 1934ರ ಒಂದು ಪ್ರಸಂಗವಿದೆ. ಚಳವಳಿಯ ಸಂಗಾತಿಗಳು ಪ್ರವಾಸ ಹೋಗೋಣವೆಂದು ಕೇಳುತ್ತಾರೆ, ಬಾಬಾಸಾಹೇಬರು ಒಪ್ಪುತ್ತಾರೆ. ಸುಮಾರು ಮೂವತ್ತು ಜನ. ವೇರೂಳದ, ಎಂದರೆ ಎಲ್ಲೋರದ, ಬೌದ್ಧ ಗುಹೆಗಳನ್ನು ನೋಡುವುದು ಹೇಗೂ ಇತ್ತು, ಜೊತೆಗೆ ದೌಲತಾಬಾದಿನ ಕೋಟೆ. ಕೋಟೆಯ ಬಾಗಿಲ ಹತ್ತಿರದ ಕೊಳದಲ್ಲಿ ಧೂಳು ಹಿಡಿದ ಮುಖ ತೊಳೆದುಕೊಂಡರು. ಕೊಳ ಮೈಲಿಗೆಯಾಯಿತೆಂದು ಗಲಾಟೆಯಾಯಿತು. ಕೊನೆಗೆ ಒಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದಂತೆ ಕಾಯಲು ಕೋವಿ ಹಿಡಿದ ಕಾವಲುಗಾರನನ್ನು ಜೊತೆಗೆ ಕಳಿಸಿ. ಇದನ್ನು ನಾವು ಅವಮಾನದ ಕಥೆಯಾಗಿ ಓದುತ್ತೇವೆ, ಓದಲೇಬೇಕು. ಆದರೆ ಇನ್ನೊಂದು ಸಂಗತಿಯೂ ಅಲ್ಲಿದೆ. ದುಂಡುಮೇಜಿನ ಸಭೆಗಳು, ಪೂನಾ ಒಪ್ಪಂದ ಎಲ್ಲ ಮುಗಿದ ಮೇಲೆ, ತಲೆಯ ಮೇಲೆ ಅಷ್ಟು ಭಾರ ಹೊತ್ತ ಮನುಷ್ಯ ಗೆಳೆಯರ ಜೊತೆ ಕೋಟೆ ನೋಡಲು ಹೊರಟಿದ್ದರು. ದೌಲತಾಬಾದಿನ ಕೋಟೆಯಿಂದ ಚಳವಳಿಗೆ ಏನು ಲಾಭ? ಏನೂ ಇಲ್ಲ. ನೋಡಬೇಕೆನಿಸಿತು, ಹೊರಟರು.

ಹಾಗೆಂದು ಅಣ್ಣನವರ ಮಾತನ್ನು ತಳ್ಳಿಹಾಕಲಾಗದು. ದೀಕ್ಷೆಯ ಮರುದಿನ, 1956ರ ಅಕ್ಟೋಬರ್ 15ರಂದು, ಬಾಬಾಸಾಹೇಬರು ನಾಗಪುರದ ಭಾಷಣದಲ್ಲಿ ಗಳಿಕೆಯ ಇಪ್ಪತ್ತನೇ ಒಂದು ಪಾಲನ್ನು ಧಮ್ಮದ ಕೆಲಸಕ್ಕೆ ಕೊಡಿ ಎಂದು ಕೇಳಿದರು. ಅದು ಮೊದಲು ಹೋಗಬೇಕು. ಹುಡುಗಿಯ ಫೀಸು ಅದರಲ್ಲಿ ಬರುತ್ತದೆ, ಅವ್ವನ ಹಿಮದ ಲೆಕ್ಕದಲ್ಲಿ ಬರುವುದಿಲ್ಲ. ಪ್ರತಿ ಸಂತೋಷವನ್ನೂ ಒಬ್ಬ ಬಡ ಮಗುವಿನ ಎದುರು ತೂಗುತ್ತ ಹೋದರೆ ಅವ್ವ ಒಂದು ಹೊಸ ಸೀರೆಯನ್ನೂ ಉಡುವಂತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಮತ್ತು ನಾಲ್ಕನೆಯ ಸುಖ. ಈಗ ಪ್ರವಾಸಕ್ಕೂ ಇಎಂಐ ಸಿಗುತ್ತದೆ. ಹತ್ತು ದಿನದಲ್ಲಿ ಏಳು ದೇಶ, ಬಸ್ಸಿನಲ್ಲೇ ನಿದ್ದೆ, ಇಳಿದು ಫೋಟೋ, ಊರಿಗೆ ಬಂದು ಮೂರು ವರ್ಷ ಕಂತು. ದೀಘಜಾಣು ಸುತ್ತದಲ್ಲಿ ಆದಾಯ ಮೀರಿ ಖರ್ಚು ಮಾಡುವವನನ್ನು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದ್ದಾರೆ. ತಿನ್ನುವುದು ನಾಲ್ಕು, ಮರ ಅಲ್ಲಾಡಿಸಿ ಉದುರಿಸುವುದು ರಾಶಿ. ಸಾಲಕ್ಕೆ ಜೀತವಿದ್ದವರ ಮೊಮ್ಮಕ್ಕಳು ನಾವು. ಜೀತವನ್ನು ನಿಷೇಧಿಸಿದ ಕಾನೂನು ಬಂದದ್ದು 1976ರಲ್ಲಿ, ನಿನ್ನೆ ಮೊನ್ನೆ. ಸಾಲ ಮಾಡಿ ಹಿಮ ನೋಡುವುದನ್ನು ನಾನು ಒಪ್ಪಲಾರೆ. ಅದಕ್ಕೇ ಮೂರೇ ದೇಶ.

ನಮ್ಮ ದುಡ್ಡು ಬಂದದ್ದು ಎರಡು ಸಂಬಳದ ಉಳಿತಾಯದಿಂದ ಮತ್ತು ಚಿಕ್ಕನಾಯಕನಹಳ್ಳಿ ಕಡೆಯ 30 ಗುಂಟೆ ತೋಟದಿಂದ. ತಿಪಟೂರು ಮಾರುಕಟ್ಟೆಯಲ್ಲಿ 2023ರಲ್ಲಿ ಕ್ವಿಂಟಲ್ ಕೊಬ್ಬರಿ 8,000 ರೂಪಾಯಿ ಆಸುಪಾಸಿಗೆ ಇಳಿದಿದ್ದು ನಿಮಗೆಲ್ಲ ನೆನಪಿದೆ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆ ಮುಕ್ಕಾಗದಂತೆ ತೆಗೆಯುವವರ ಕೂಲಿ ಹಾಗೆ ಏರಿತೆ? ಅವ್ವ ನಲವತ್ತು ವರ್ಷ ಬೇರೆಯವರ ತೋಟಗಳಲ್ಲಿ ಮಾಡಿದ್ದು ಇದೇ ಕೆಲಸ. ಇವತ್ತು ನಮ್ಮ ಅಟ್ಟದ ಕೆಳಗೆ ಕೂತು ಸುಲಿಯುವವರೂ ನಮ್ಮವರೇ. ಮೊದಲ ಮೂರು ಸುಖ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಸಮವಲ್ಲ ಎಂದರು ಭಗವಾನರು. ಹಾಗಾಗಿ ಟಿಕೆಟ್ಟಿಗೆ ಮುಂಗಡ ಕೊಡುವ ಮೊದಲು ಸಾವಿರ ಕಾಯಿಯ ಲೆಕ್ಕದಲ್ಲಿ ಕೂಲಿ ಹೆಚ್ಚಿಸಿದೆವು. ಎಷ್ಟು ಹೆಚ್ಚಿಸಿದರೆ ಸರಿ ಎಂಬುದರಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಹೆಂಡತಿ ಒಂದು ಅಂಕಿ ಹೇಳುತ್ತಾಳೆ, ನಾನೊಂದು ಹೇಳುತ್ತೇನೆ, ಅವ್ವ ಹೇಳುವುದು ಎರಡಕ್ಕಿಂತ ಜಾಸ್ತಿ. ಸದ್ಯ ಅವ್ವನ ಅಂಕಿಯೇ ನಡೆಯುತ್ತಿದೆ.

ಉಳಿದದ್ದು ಕಾಗದಪತ್ರದ ಕೆಲಸ. ಮೂರು ದೇಶಕ್ಕೂ ಷೆಂಗೆನ್ ಎಂಬ ಒಂದೇ ವೀಸಾ, ತಲೆಗೆ 90 ಯೂರೋ ಶುಲ್ಕ. 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಬ್ಯಾಂಕಿನ ಲೆಕ್ಕ, ಇಲಾಖೆಯ ಅನುಮತಿ. ಬೆಂಗಳೂರಿನಲ್ಲಿ ಹತ್ತು ಬೆರಳಿನ ಗುರುತು ಕೊಡಬೇಕು. ಸುಲಿದು ಸುಲಿದು ಅವ್ವನ ಬೆರಳ ಗೆರೆಗಳು ಸವೆದಿವೆ, ರೇಷನ್ ಅಂಗಡಿಯ ಯಂತ್ರದಲ್ಲೇ ಎಷ್ಟೋ ಸಲ ಮೂಡುವುದಿಲ್ಲ. ಯಾರೋ ಹೇಳಿದರೆಂದು ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಾಳೆ.

ಭಾನುವಾರದ ವಂದನೆಯ ನಂತರ ಸಿಗಾಲೋವಾದ ಸುತ್ತವನ್ನು ಒಟ್ಟಿಗೆ ಓದೋಣ. ತುರುವೇಕೆರೆಯ ಅಣ್ಣನವರು ತಪ್ಪದೆ ಬರಬೇಕು, ತಮ್ಮ ವಾದವನ್ನು ಪೂರ್ತಿಯಾಗಿ ಮಂಡಿಸಬೇಕು. ಕೂಲಿ ಎಷ್ಟಿರಬೇಕೆಂಬುದನ್ನೂ ತೋಟವಿರುವ ಬಂಧುಗಳು ಯೋಚಿಸಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ. ಜೈಭೀಮ್.