ಶ್ರಾವಕನ ಪ್ರಾತಃಕಾಲ

ಸೂರ್ಯೋದಯಕ್ಕೆ ಮುನ್ನ ಏಳುವುದು ಸದ್ಗೃಹಸ್ಥನ ಲಕ್ಷಣವೆಂಬ ಭಾವನೆ ಜೈನ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಇಂದು ಅದೇ ಮಾತನ್ನು ಬೇರೊಂದು ಬಾಯಿಯೂ ಹೇಳುತ್ತಿದೆ. ಬೇಗ ಎದ್ದವನು ಹೆಚ್ಚು ಕೆಲಸ ಮಾಡಬಲ್ಲನು, ಹೆಚ್ಚು ಗಳಿಸಬಲ್ಲನು, ಇತರರನ್ನು ಹಿಂದಿಕ್ಕಬಲ್ಲನು ಎಂಬುದು ಅದರ ಬೋಧನೆ. ಎರಡು ಮಾತುಗಳೂ ಮನುಷ್ಯನನ್ನು ಎಬ್ಬಿಸುವುದು ಒಂದೇ ಹೊತ್ತಿಗೆ. ಉದ್ದೇಶ ಮಾತ್ರ ಬೇರೆ. ಒಂದು ಪರಿಗ್ರಹವನ್ನು ಹೆಚ್ಚಿಸಲು ಎಬ್ಬಿಸುತ್ತದೆ, ಇನ್ನೊಂದು ಪ್ರಮಾದವನ್ನು ತಗ್ಗಿಸಲು ಎಬ್ಬಿಸುತ್ತದೆ. ಈ ಭೇದವನ್ನು ಮರೆತರೆ ಪ್ರಾತಃಕಾಲದ ನಿಯಮವೂ ಲೋಭದ ಉಪಕರಣವಾದೀತು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನ ದಿನಚರಿಯನ್ನು ಬ್ರಾಹ್ಮಮುಹೂರ್ತದಿಂದ ಆರಂಭಿಸುತ್ತಾರೆ. ಅಹೋರಾತ್ರಿಯ 24 ಗಂಟೆಗಳನ್ನು 30 ಮುಹೂರ್ತಗಳಾಗಿ ಭಾಗಿಸಿದರೆ ಒಂದೊಂದು ಮುಹೂರ್ತಕ್ಕೆ 48 ನಿಮಿಷ ಬರುತ್ತದೆ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಅಂದರೆ 96 ನಿಮಿಷ ಮೊದಲು ಬ್ರಾಹ್ಮಮುಹೂರ್ತ ಮೊದಲಾಗುತ್ತದೆ. ಸೂರ್ಯನು 6 ಗಂಟೆ 15 ನಿಮಿಷಕ್ಕೆ ಮೂಡುವ ದಿನ ಅದು 4 ಗಂಟೆ 39 ನಿಮಿಷ. ಆಗ ಎದ್ದ ಶ್ರಾವಕನು ಪಂಚಪರಮೇಷ್ಠಿಗಳನ್ನು ಸ್ಮರಿಸಿ, ಬಳಿಕ ತನ್ನ ಸ್ವರೂಪ, ತನ್ನ ಧರ್ಮ, ತಾನು ಹಿಡಿದ ವ್ರತ, ಈ ಮೂರನ್ನು ಕುರಿತು ವಿಚಾರಮಾಡಬೇಕೆಂಬುದು ಆಶಾಧರರ ಅಭಿಪ್ರಾಯ. ದಿನದ ಕೆಲಸಗಳ ಪಟ್ಟಿಗೆ ಇಲ್ಲಿ ಮೊದಲ ಸ್ಥಾನವಿಲ್ಲ. ಕೆಲಸ ಮಾಡುವವನು ಯಾರೆಂಬುದು ತಿಳಿದ ಮೇಲೆ ಕೆಲಸದ ಮಾತು. ಕಣ್ಣು ಬಿಟ್ಟೊಡನೆ ಮೊಬೈಲ್ ಫೋನಿಗೆ ಕೈಚಾಚಿ, ಊರಿನ ಜಗಳವನ್ನೂ ಪರರ ನಿಂದೆಯನ್ನೂ ಓದುವ ಇಂದಿನ ಅಭ್ಯಾಸವನ್ನು ಇದರೊಡನೆ ಹೋಲಿಸಿ ನೋಡಬಹುದು. ಅನರ್ಥದಂಡಗಳಲ್ಲಿ ದುಃಶ್ರುತಿಯೂ ಅಪಧ್ಯಾನವೂ ಎಣಿಕೆಯಾಗಿರುವುದು ನಿಷ್ಕಾರಣವಲ್ಲ.

ಈ ವಿಚಾರಕ್ಕೆ ಆಶ್ರಯವಾಗುವುದು ಸಾಮಾಯಿಕ. ರೂಢಿಯಲ್ಲಿ ಅದರ ಅವಧಿ ಒಂದು ಮುಹೂರ್ತ. ಆದರೆ ಗಡಿಯಾರ 48 ನಿಮಿಷ ತೋರಿದ ಮಾತ್ರಕ್ಕೆ ಸಾಮಾಯಿಕ ಸಿದ್ಧಿಸುವುದಿಲ್ಲ. ಆಚಾರ್ಯ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಅದರ ಐದು ಅತಿಚಾರಗಳನ್ನು ಹೇಳಿದ್ದಾರೆ. ಮನಸ್ಸು, ಮಾತು, ಕಾಯಗಳ ತಪ್ಪು ಪ್ರವೃತ್ತಿಗಳು ಮೂರು; ಅನಾದರ ನಾಲ್ಕನೆಯದು; ಮರೆವು ಐದನೆಯದು. ಆಚಾರ್ಯ ಸಮಂತಭದ್ರರಾದರೋ ಸಾಮಾಯಿಕದಲ್ಲಿರುವ ಗೃಹಸ್ಥನನ್ನು, ಯಾರೋ ಬಟ್ಟೆ ಹೊದಿಸಿದ ಮುನಿಗೆ ಹೋಲಿಸುತ್ತಾರೆ. ಆ ಹೊತ್ತಿನಲ್ಲಿ ಅವನಿಗೆ ಆರಂಭವಿಲ್ಲ, ಪರಿಗ್ರಹವಿಲ್ಲ. ಗೃಹಸ್ಥನಿಗೆ ಇದಕ್ಕಿಂತ ಹಿರಿದಾದ ಗೌರವ ಮತ್ತೊಂದಿಲ್ಲ.

ಆದರೆ ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಮನೆಯ ಯಜಮಾನನು ಆರಂಭವನ್ನು ತೊರೆದು ಕುಳಿತ ಆ 48 ನಿಮಿಷಗಳಲ್ಲಿ ಮನೆಯ ಆರಂಭ ನಿಂತಿರುತ್ತದೆಯೆ? ಗೃಹಸ್ಥನ ಮನೆಯಲ್ಲಿ ಹಿಂಸೆಗೆ ಎಡೆಯಾಗುವ ಐದು ಸ್ಥಾನಗಳನ್ನು ಶಾಸ್ತ್ರಕಾರರು ಪಂಚಸೂನವೆಂದು ಕರೆದಿದ್ದಾರೆ: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ. ಬೀಸುವ ಕಲ್ಲು ಇಂದು ಮೂಲೆ ಸೇರಿರಬಹುದು, ಒರಳಿನ ಕೆಲಸವನ್ನು ಮಿಕ್ಸಿ ಮಾಡುತ್ತಿರಬಹುದು. ಆದರೂ ಇವು ಬಹುಮಟ್ಟಿಗೆ ಬೆಳಗಿನ ಹೊತ್ತಿನ ಕೆಲಸಗಳೇ, ಬಹುತೇಕ ಮನೆಗಳಲ್ಲಿ ಹೆಂಗಸರ ಪಾಲಿಗೆ ಬಂದ ಕೆಲಸಗಳೇ. ಯಜಮಾನನು 4 ಗಂಟೆ 39 ನಿಮಿಷಕ್ಕೆ ಎದ್ದು ಬಿಸಿನೀರಿನಲ್ಲಿ ಸ್ನಾನಮಾಡಿ ಕುಳಿತುಕೊಳ್ಳಬೇಕಾದರೆ, ಅವನ ತಾಯಿಯೋ ಹೆಂಡತಿಯೋ ಸೊಸೆಯೋ ನಾಲ್ಕು ಗಂಟೆಗೇ ಎದ್ದಿರಬೇಕಾಗುತ್ತದೆ.

ನೀರು ಸೋಸುವ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ದಪ್ಪನೆಯ ಬಟ್ಟೆಯನ್ನು ಇಮ್ಮಡಿ ಮಡಿಸಿ ಕೊಡದ ಬಾಯಿಗೆ ಹಾಸಬೇಕು. ನೀರನ್ನು ನಿಧಾನವಾಗಿ ಸುರಿಯಬೇಕು. ಬಳಿಕ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಬಂದ ಬಾವಿಗೇ ಮೆಲ್ಲನೆ ಇಳಿಸಬೇಕು. ಜೀವಗಳು ತಮ್ಮ ನೆಲೆಗೆ ಹಿಂದಿರುಗಲಿ ಎಂಬುದು ಅದರ ಆಶಯ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಕೊನೆಯ ಕ್ರಿಯೆಯೇ. “ಹೊತ್ತಾಯಿತು, ನೀರೆಲ್ಲಿ?” ಎಂದು ಒಳಗಿನಿಂದ ಕೂಗಿದವನು ತನ್ನ ಸಾಮಾಯಿಕವನ್ನು ಸಕಾಲಕ್ಕೆ ಮಾಡಿದನು, ನಿಜ, ಆದರೆ ಇನ್ನೊಬ್ಬರ ಯತ್ನಾಚಾರವನ್ನು ಕೆಡಿಸಿ ಮಾಡಿದನು. ಪ್ರಾಣಹಾನಿಯನ್ನು ಹಿಂಸೆಯಾಗಿಸುವುದು ಪ್ರಮಾದವೆಂದು ಉಮಾಸ್ವಾಮಿಗಳು ನಿರ್ಣಯಿಸಿದ್ದಾರೆ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಅಂದರೆ ಕೃತ, ಕಾರಿತ, ಅನುಮತ, ಈ ಮೂರೂ ಆಸ್ರವಕ್ಕೆ ದ್ವಾರಗಳೆಂದೂ ಅವರೇ ತಿಳಿಸಿದ್ದಾರೆ. ಆದಕಾರಣ ಅಡುಗೆಮನೆಯ ಅವಸರದಲ್ಲಿ ಆದ ಪ್ರಮಾದದಿಂದ, ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತವನು ಹೊರಗಾಗಲಾರನು.

ಮನೆಯವರ ಸೇವೆಯೇ ಸ್ತ್ರೀಗೆ ಧರ್ಮ, ಆ ಪುಣ್ಯದಲ್ಲಿ ಆಕೆಗೂ ಪಾಲಿದೆ ಎಂಬ ಸಮಾಧಾನ ಇದಕ್ಕೆ ಸಿದ್ಧವಾಗಿಯೇ ಇರುತ್ತದೆ. ಸೇವೆ ಹಿರಿದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚತುರ್ವಿಧ ಸಂಘದಲ್ಲಿ ಶ್ರಾವಕನಂತೆ ಶ್ರಾವಿಕೆಗೂ ಸ್ಥಾನವಿದೆ. ಹನ್ನೆರಡು ವ್ರತಗಳು ಇಬ್ಬರಿಗೂ ಸಮಾನ, ಸಾಮಾಯಿಕವೂ ಸಮಾನ. ಸೇವೆಯೇ ಸಾಮಾಯಿಕಕ್ಕೆ ಬದಲಾಗುವುದಾದರೆ ಆ ಬದಲಾವಣೆ ಪುರುಷನಿಗೂ ಸಲ್ಲಬೇಕು. ವರ್ಷಕ್ಕೊಂದು ದಿನವಾದರೂ ಅವನು ನೀರು ಸೋಸಿ, ಒಲೆ ಹೊತ್ತಿಸಿ, ಆಕೆಯನ್ನು ಮಣೆಯ ಮೇಲೆ ಕೂರಿಸಿದ್ದಾನೆಯೆ? ಒಬ್ಬರ ವ್ರತ ಮತ್ತೊಬ್ಬರ ವ್ರತಕ್ಕೆ ಅಡ್ಡಿಯಾಗುವ ಮನೆಯಲ್ಲಿ ಸಮತೆಯು ಮಂತ್ರದಲ್ಲಷ್ಟೇ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪ್ರಾತಃಕಾಲದ ನಿಯಮ ಹಿಂದಿನ ಸಂಜೆಯಿಂದಲೇ ತೊಡಗುತ್ತದೆ. ರಾತ್ರಿಭೋಜನತ್ಯಾಗವಿದ್ದ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದು, ದೀಪ ಹಚ್ಚುವ ವೇಳೆಗೆ ಅಡುಗೆಮನೆ ಮುಚ್ಚುತ್ತಿತ್ತು. ರಾತ್ರಿ 9 ಗಂಟೆ 30 ನಿಮಿಷಕ್ಕೆ ಮಲಗಿದವನು 4 ಗಂಟೆ 39 ನಿಮಿಷಕ್ಕೆ ಎದ್ದರೆ ಏಳು ಗಂಟೆಗಳಿಗೂ ಮಿಕ್ಕ ನಿದ್ರೆ ದೊರೆಯುತ್ತದೆ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬುದು ಇಂದಿನ ವೈದ್ಯರ ಮತವೂ ಹೌದು. ದೇಹದೊಳಗಿನ ದಿನಚಕ್ರವನ್ನು ನಡೆಸುವ ಕ್ರಮವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್, ಮೈಕೇಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಳಗಿನ ಬೆಳಕು ಈ ಚಕ್ರವನ್ನು ದಿನದಿನವೂ ಸರಿಪಡಿಸುತ್ತದೆ. ರಾತ್ರಿಯ ಬೆಳಕು ಅದನ್ನು ಹಿಂದಕ್ಕೆ ತಳ್ಳುತ್ತದೆ. ಸೂರ್ಯನನ್ನು ಅನುಸರಿಸಿದ ಹಳೆಯ ದಿನಚರಿಯು ದೇಹಧರ್ಮಕ್ಕೂ ಒಪ್ಪುವಂಥದೆಂಬುದು ಇದರಿಂದ ಸ್ಪಷ್ಟ.

ನಗರದ ಮನೆಯಲ್ಲಿ ಕಚೇರಿಯಿಂದ ಎಂಟು ಗಂಟೆಗೆ ಬಂದು, ಒಂಬತ್ತೂವರೆಗೆ ಉಂಡು, ಪಾತ್ರೆ ತೊಳೆದು ಮಲಗುವಾಗ ಹನ್ನೊಂದೂವರೆ. ಅಂಥ ಮನೆಯಲ್ಲಿ ಬ್ರಾಹ್ಮಮುಹೂರ್ತಕ್ಕೇ ಎಲ್ಲರನ್ನೂ ಎಬ್ಬಿಸಿದರೆ ಸಿಕ್ಕುವ ನಿದ್ರೆ ಐದು ಗಂಟೆ. ಅದರಲ್ಲಿಯೂ ಹರೆಯದ ಮಕ್ಕಳಿಗೆ ನಿದ್ರೆ ಬರುವುದೇ ತಡವಾಗಿ. ಅದು ಅವರ ವಯಸ್ಸಿನ ದೇಹಸ್ವಭಾವ, ಸೋಮಾರಿತನವಲ್ಲ. ತೂಕಡಿಸುವ ಮಗನನ್ನು ಬೈದು ಜಪಕ್ಕೆ ಕೂರಿಸಿದ ತಂದೆಗೆ ಕ್ರೋಧವೂ, ಮಗನಿಗೆ ಅನಾದರವೂ ಫಲವಾಗಿ ಬರುತ್ತವೆ. ರಾತ್ರಿಯ ಉತ್ತರಭಾಗದಲ್ಲಿ ಅಲ್ಪನಿದ್ರೆ ಮಾಡುವ ಮುನಿಗಳ ಚರ್ಯೆ ವಂದನೀಯವಾದುದು. ಆದರೆ ಅದು ಮಹಾವ್ರತಿಗಳ ಅಳತೆಗೋಲು. ಅಣುವ್ರತಿಯಾದ ಗೃಹಸ್ಥನು ಮೊದಲು ಸಂಜೆಯ ಊಟವನ್ನು ಅರ್ಧ ಗಂಟೆ ಹಿಂದಕ್ಕೆ ತರಲಿ. ಅದು ನಿಂತ ಮೇಲೆ ಮತ್ತರ್ಧ ಗಂಟೆ. ಬೆಳಗ್ಗೆ ಏಳುವ ಹೊತ್ತು ತಾನಾಗಿಯೇ ಹಿಂದೆ ಸರಿಯುತ್ತದೆ. ರಾತ್ರಿಪಾಳಿಯಲ್ಲಿ ದುಡಿಯುವ ದಾದಿಗೂ ಚಾಲಕನಿಗೂ ಎದ್ದ ಹೊತ್ತಿನಲ್ಲಿ ಮಾಡಿದ ಸ್ಮರಣೆ ವ್ಯರ್ಥವಾಗದು. ಕಾಲನಿಯಮ ಚಿತ್ತಶುದ್ಧಿಗೆ ಸಾಧನ. ಸಾಧನಕ್ಕಾಗಿ ಸಾಧ್ಯವನ್ನು ಬಿಡಲಾಗದು.

ಬೇಗ ಎದ್ದವನಿಗೆ ಎದುರಾಗುವ ಕೊನೆಯ ಶತ್ರು ಮಾನಕಷಾಯ. ಇತರರು ಮಲಗಿರುವಾಗ ತಾನೊಬ್ಬನೇ ಎದ್ದಿದ್ದೇನೆಂಬ ಹೆಮ್ಮೆ ನಿದ್ರೆಗಿಂತಲೂ ಗಾಢವಾದ ಮೈಮರೆವು. ಅದಕ್ಕೆ ಮದ್ದು ಶಾಸ್ತ್ರದಲ್ಲಿಯೂ ಇದೆ, ಅಡುಗೆಮನೆಯಲ್ಲಿಯೂ ಇದೆ. ಮೊದಲು ಎದ್ದವನು ಸದ್ದಿಲ್ಲದೆ ಬಾಗಿಲು ತೆರೆಯಲಿ. ಪೊರಕೆಯನ್ನು ಮೃದುವಾಗಿ ಹಿಡಿದು ಇರುವೆ ಹುಳಗಳಿಗೆ ನೋವಾಗದಂತೆ ಅಂಗಳ ಗುಡಿಸಲಿ. ನೀರನ್ನು ತಾನೇ ಸೋಸಿ ಇಡಲಿ. ಮಲಗಿದವರನ್ನು ಎಬ್ಬಿಸದೆ ಮಣೆ ಹಾಕಿಕೊಳ್ಳಲಿ. ಆಗ ಅವನ ಸಾಮಾಯಿಕ ಕುಳಿತುಕೊಳ್ಳುವ ಮೊದಲೇ ಆರಂಭವಾಗಿರುತ್ತದೆ. ಮನೆಯ ಉಳಿದವರು ಕಣ್ಣುಬಿಟ್ಟಾಗ ಸೋಸಿದ ನೀರು ಕೊಡದಲ್ಲಿರುತ್ತದೆ, ಅವರ ಪಾಲಿಗೂ ಒಂದು ಮುಹೂರ್ತ ಬಿಡುವಾಗಿರುತ್ತದೆ.