ಸಿಹಿಯೂ ಸತ್ಯವೂ

ಗೋಗಿಯ ಚಂದಾ ಹುಸೇನಿ ದರ್ಗಾದ ಉರುಸಿನಲ್ಲಿ ಕೊಂಡ ಬತ್ತಾಸು ತಾನು ಸಕ್ಕರೆಯೆಂಬುದನ್ನು ಮುಚ್ಚಿಡುವುದಿಲ್ಲ. ತಿನ್ನುವವನು ತಿಳಿದೇ ತಿನ್ನುತ್ತಾನೆ. ಮಿತಿ ಮೀರಿದರೆ ತಪ್ಪು ಅವನದೇ.

ಅದೇ ಊರಿನ ಅಂಗಡಿಯಲ್ಲಿ ದೊರೆಯುವ ಬಿಸ್ಕತ್ತು, ಟೊಮೆಟೊ ಸಾಸು, ಹಾಲಿಗೆ ಬೆರೆಸುವ ‘ಶಕ್ತಿ’ಯ ಪುಡಿ, ಇವುಗಳ ಮಾತು ಬೇರೆ. ಬಳಸಿದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚುಹಾಕಬೇಕೆಂಬುದು ನಿಯಮ. ಆದರೆ ಸಿಹಿಯನ್ನು ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಹಂಚಿ ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಒಟ್ಟು ಮಾತ್ರ ಇಳಿಯುವುದಿಲ್ಲ. ಸೇರಿಸಿದ ಸಕ್ಕರೆ ಎಷ್ಟೆಂಬುದನ್ನೂ ತಿಳಿಸಬೇಕೆಂದು 2020ರ ಕೇಂದ್ರ ನಿಯಮಗಳು ವಿಧಿಸಿದವು. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಅವಕ್ಕೆ ಸಾಕು, ಕನ್ನಡ ಬೇಕೇಬೇಕೆಂದಿಲ್ಲ. ದೊಡ್ಡವರಿಗೆ ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಕನ್ನಡವನ್ನಷ್ಟೇ ಓದಬಲ್ಲ ತಾಯಿ ಅದನ್ನು ಲೆಕ್ಕ ಹಾಕುವುದೆಂತು?

ಪೊಟ್ಟಣದ ಮೇಲೆ ಒಂದಕ್ಷರವೂ ಸುಳ್ಳಿಲ್ಲದಿರಬಹುದು. ಆದರೂ ಉಣ್ಣುವವನಿಗೆ ತಿಳಿಯದಂತೆ ನುಡಿದ ಸತ್ಯ ಸುಳ್ಳಿನ ಕೆಲಸವನ್ನೇ ಮಾಡುತ್ತದೆ. ಪಟ್ಟಣದ ನಾವು ಪೊಟ್ಟಣವನ್ನು ತಿರುವಿ ಓದಿಕೊಂಡರೆ ಅದು ಜಾಣತನ; ಅವಳಿಗೂ ತಿಳಿಯುವಂತೆ ಬರೆಯಿರೆಂದು ಕೇಳಿದರೆ ಅದು ಧರ್ಮ.